ಎಡ ಹಿಂಬದಿಯ ನಾಲ್ಕು ಮಿಲಿಮೀಟರ್

ಆ ವರ್ಕ್‌ಶಾಪಿನ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇತ್ತು. ಅದರಲ್ಲಿ ಮನೆಯವರೆಲ್ಲರ ತೂಕ ಬರೆದಿತ್ತು. ಹೆಂಗಸರ ವಯಸ್ಸು ಕೇಳಬಾರದು, ತೂಕವನ್ನಂತೂ ಕೇಳಲೇಬಾರದು ಎನ್ನುತ್ತಾರೆ. ಆದರೆ ಈ ಮನೆಯಲ್ಲಿ ತೂಕ ಮುಚ್ಚಿಟ್ಟರೆ ಹೊಟ್ಟೆಪಾಡು ನಡೆಯುತ್ತಿರಲಿಲ್ಲ. ಹಳೇ ಕಾಲದ ಕಾರುಗಳನ್ನು ಬಿಚ್ಚಿ, ಒಳಗೆಲ್ಲ ಹೊಸದು ಮಾಡಿ, ಗಿರಾಕಿ ಕೇಳಿದ ಹಾಗೆ ಕಟ್ಟಿಕೊಡುವ ಕಸುಬು ಅವರದು. ಹಾಗೆ ಕಟ್ಟಿದ ಕಾರು ಖಾಲಿ ನಿಂತಾಗ ಹೇಗಿದೆ ಎಂಬುದು ಯಾರಿಗೂ ಬೇಡ. ಜನ ಕೂತಾಗ ಎಷ್ಟು ಕುಗ್ಗುತ್ತದೆ, ಯಾವ ಕಡೆ ವಾಲುತ್ತದೆ ಎಂಬುದೇ ಮುಖ್ಯ. ಉಳಿದವರು ಇದಕ್ಕೆ ಮರಳಿನ ಮೂಟೆ ಇಡುತ್ತಾರೆ. ಈ ಮನೆಯ ಮಾವ, ಅಂದರೆ ವರ್ಕ್‌ಶಾಪ್ ಶುರುಮಾಡಿದ ಪುಣ್ಯಾತ್ಮ, ಮೂಟೆಗೆ ಸುತರಾಂ ಒಪ್ಪುತ್ತಿರಲಿಲ್ಲ. "ಮೂಟೆ ಸೊಂಟ ನೋವು ಅನ್ನಲ್ಲ ಕಣ್ರೋ" ಎನ್ನುತ್ತಿದ್ದರು. ಮನುಷ್ಯರನ್ನೇ ಕೂರಿಸಬೇಕು. ಮನುಷ್ಯರೆಂದರೆ ಮನೆಯವರು, ಅವರಿಗೆ ಕೂಲಿ ಕೊಡಬೇಕಿಲ್ಲವಲ್ಲ.

ಮಾವ ಹೋಗಿ ಆರು ವರ್ಷವಾದರೂ ಪದ್ಧತಿ ಹೋಗಲಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಸಾಮಾನು ತೂಗುವ ತಕ್ಕಡಿಯ ಮೇಲೆ ಹತ್ತಿ ಇಳಿದು, ಹಲಗೆಯಲ್ಲಿ ಹಳೆಯ ಅಂಕಿ ಅಳಿಸಿ ಹೊಸದು ಬರೆಯುತ್ತಿದ್ದರು. ಮಾವನ ಹೆಂಡತಿ ಅತ್ತೆ ಮಾತ್ರ ಹತ್ತುತ್ತಿರಲಿಲ್ಲ. ಅವರ ತೂಕ ಸೀಮೆಸುಣ್ಣದಲ್ಲಿ ಇರಲೇ ಇಲ್ಲ, ಬಿಳಿ ಪೇಂಟಿನಲ್ಲಿತ್ತು. ಎಪ್ಪತ್ತೆರಡು. ಇಪ್ಪತ್ತು ವರ್ಷದಿಂದ ಒಂದು ಗ್ರಾಂ ಆಚೀಚೆ ಆಗದ್ದನ್ನು ಕಂಡು ಮಾವ ಒಂದು ದಿನ ಬ್ರಷ್ ತಗೊಂಡು ಬರೆದೇಬಿಟ್ಟಿದ್ದರು. "ಲೋಕ ಅಲ್ಲಾಡಿದರೂ ಇವಳು ಅಲ್ಲಾಡಲ್ಲ" ಎಂದು ಅದಕ್ಕೊಂದು ವಿವರಣೆ ಬೇರೆ. ಅತ್ತೆಗೂ ಅದರ ಹೆಮ್ಮೆ ಇತ್ತು. ಮಗ ತಮಾಷೆಗೆ ತಾಯಿಯನ್ನು "ಎಪ್ಪತ್ತೆರಡು" ಎಂದೇ ಕರೆಯುತ್ತಿದ್ದ.

ಮಗ ವೆಲ್ಡಿಂಗ್ ಮಾಡುವವನು. ಅತ್ತೆ ಸೀಟು ಹೊಲಿಯುವವರು; ಆ ಕೆಲಸದಲ್ಲಿ ಅವರ ಕೈಯನ್ನು ಮೀರಿಸುವವರಿರಲಿಲ್ಲ. ಸೊಸೆ ಓದಿ ಬಂದ ಇಂಜಿನಿಯರು. ಮದುವೆಯಾಗಿ ಬಂದ ಹೊಸತರಲ್ಲಿ "ನಟ್ಟು ಬಿಗಿಯೋ ಮನೆಗೆ ಪುಸ್ತಕದ ಹುಳ ಬಂತು" ಎಂದು ಗಂಡನೇ ಅಣಕಿಸಿದ್ದ. ಮೂರು ವರ್ಷ ಅವಳು ಬೇರೆಯವರ ಡ್ರಾಯಿಂಗ್ ತಿದ್ದುತ್ತ, ಬುಷ್‌ಗೆ ಗ್ರೀಸ್ ತುಂಬುತ್ತ ಕಾಲ ಕಳೆದಳು. ಈಗ ಮೊದಲ ಸಲ ಒಂದು ಕಾರಿನ ಹಿಂಬದಿ ಪೂರ್ತಿ ಅವಳ ಪಾಲಿಗೆ ಬಂದಿತ್ತು. ಬಂದದ್ದಲ್ಲ, ಅತ್ತೆ ಕೊಡಿಸಿದ್ದು. "ಇದು ಅವಳು ಮಾಡ್ಲಿ. ಎಡವಿದ್ರೆ ನಾವಿಲ್ವಾ?" ಎಂದು ಮಗನ ಬಾಯಿ ಮುಚ್ಚಿಸಿದ್ದರು.

ಕಾರು ಒಬ್ಬ ಹಲ್ಲಿನ ಡಾಕ್ಟರದು. ಅರವತ್ತು ವರ್ಷ ಹಳೆಯದು, ಕೆನೆಬಣ್ಣದ್ದು, ಮುಂದಿನ ದೀಪಗಳೆರಡೂ ಬೆಚ್ಚಿಬಿದ್ದ ಕಣ್ಣಿನ ಹಾಗೆ. ಹಿಂದಿನ ಚಕ್ರಗಳಿಗೆ ಪಟ್ಟಿ ಪಟ್ಟಿ ಜೋಡಿಸಿದ ಹಳೇ ಸ್ಪ್ರಿಂಗು ಇತ್ತು. ಹಳ್ಳ ಹಾರಿದರೆ ಹಿಂದೆ ಕೂತವರ ತಲೆ ಚಾವಣಿಗೆ ಮುಟ್ಟುತ್ತಿತ್ತು. ಸೊಸೆ ಅದನ್ನು ಕಿತ್ತು ಸುರುಳಿ ಸ್ಪ್ರಿಂಗು ಕೂರಿಸಲು ಹೊರಟಳು. ಹಾಗೆ ಮಾಡಿದರೆ ಆಕ್ಸಲನ್ನು, ಅಂದರೆ ಎರಡು ಚಕ್ರ ಸೇರಿಸುವ ಅಚ್ಚನ್ನು, ಹಿಡಿದಿಡಲು ಬೇರೆ ಏರ್ಪಾಡು ಬೇಕು. ಕೆಳಗೆ ಎರಡು ಉದ್ದ ಸರಳು, ಮೇಲೆ ಎರಡು ಗಿಡ್ಡ ಸರಳು. ಮೇಲಿನವು ಓರೆಯಾಗಿ ಒಂದನ್ನೊಂದು ನೋಡುತ್ತಿರಬೇಕು. ಉದ್ದದವು ಆಕ್ಸಲು ಹಿಂದೆ ಮುಂದೆ ಹೋಗದಂತೆ ತಡೆಯುತ್ತವೆ, ಓರೆಯವು ಪಕ್ಕಕ್ಕೆ ಸರಿಯದಂತೆ ತಡೆಯುತ್ತವೆ, ಮೇಲೆ ಕೆಳಗೆ ಆಡುವುದಕ್ಕೆ ಮಾತ್ರ ನಾಲ್ಕೂ ಸೇರಿ ದಾರಿ ಬಿಡುತ್ತವೆ. ಹೇಳಲು ಇಷ್ಟೇ. ಯಾವುದು ಎಷ್ಟು ಉದ್ದ, ಯಾವ ಕೋನ, ಸರಳು ಹಿಡಿಯುವ ಬ್ರಾಕೆಟ್ ಎಲ್ಲಿ ಎಂಬುದಕ್ಕೆ ಅವಳು ಹದಿನಾಲ್ಕು ಸಲ ನಕ್ಷೆ ಬರೆದಳು. ಮೊದಲು ರಟ್ಟಿನಲ್ಲಿ, ಆಮೇಲೆ ಪ್ಲೈವುಡ್‌ನಲ್ಲಿ ಸರಳು ಕತ್ತರಿಸಿ ಮೊಳೆ ಚುಚ್ಚಿ ಆಡಿಸಿ ನೋಡಿದಳು. ಊಟದ ತಟ್ಟೆಯ ಪಕ್ಕ ಪ್ಲೈವುಡ್ ತುಂಡು ಇಟ್ಟುಕೊಂಡು ಉಣ್ಣುವುದನ್ನು ಕಂಡು ಅತ್ತೆ, "ಅದಕ್ಕೂ ಒಂದು ತುತ್ತು ಹಾಕು" ಎಂದಿದ್ದರು.

ಪ್ರತಿ ಶನಿವಾರ ಮಧ್ಯಾಹ್ನ ಅಳತೆ. ಸ್ಟೇರಿಂಗ್ ಹಿಂದೆ ಗಂಡ. ಅವನ ಪಕ್ಕ ಹಲ್ಲಿನ ಡಾಕ್ಟರು; ತಮ್ಮ ಕಾರಿನಲ್ಲಿ ತಾವೇ ಕೂರುತ್ತೇವೆಂದು ಹಟ ಹಿಡಿದು, ಪ್ರತಿ ಸಲವೂ ತಕ್ಕಡಿ ಹತ್ತಿ ತೋರಿಸಿಯೇ ಕೂರುತ್ತಿದ್ದರು. ಹಿಂದೆ ಎಡಕ್ಕೆ ಅತ್ತೆ. ಸೀಟಿನ ಹೊದಿಕೆ ಇನ್ನೂ ಹೊಲಿಗೆಯಲ್ಲಿ ಇದ್ದದ್ದರಿಂದ ಹಲಗೆಯೇ ಆಸನ. ಸೊಸೆ ಹಿಂಬದಿಯನ್ನು ಮೂರು ಸಲ ಅದುಮಿ ಬಿಟ್ಟು, ಅದು ನಿಂತ ಮೇಲೆ ಚಕ್ರದ ನಡುವಿನಿಂದ ಅದರ ಮೇಲಿನ ಮಡ್ಗಾರ್ಡಿನ ಅಂಚಿನವರೆಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮೊದಲ ಎರಡು ವಾರ ಅಳತೆ ಅವಳ ಲೆಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬಂತು. ಗಂಡ ಮೊದಲ ಬಾರಿಗೆ ಅವಳ ಬೆನ್ನು ತಟ್ಟಿದ; ಗ್ರೀಸಿನ ಕೈಯಲ್ಲಿ ತಟ್ಟಿದ್ದರಿಂದ ಆ ಬಟ್ಟೆ ಕೆಟ್ಟಿತು, ಆದರೂ ಅವಳು ಅದನ್ನು ಎಸೆಯಲಿಲ್ಲ.

ಮೂರನೇ ವಾರ ಎಡ ಹಿಂಬದಿ ಒಂದು ಮಿಲಿಮೀಟರ್ ಮೇಲಿತ್ತು. ಒಂದೇನು ಮಹಾ ಎಂದುಕೊಂಡಳು. ನಾಲ್ಕನೇ ವಾರವೂ ಒಂದು. ಐದನೇ ವಾರ ಎರಡು. ಆರನೇ ವಾರ ಮೂರು. ಸ್ಪ್ರಿಂಗು ಭಾರ ಹೊತ್ತು ಹೊತ್ತು ಸೋತು ಇಳಿಯುವುದುಂಟು; ತಾನಾಗಿಯೇ ಏರುವುದನ್ನು ಯಾರೂ ಕೇಳಿಲ್ಲ. ಏಳನೇ ವಾರ ನಾಲ್ಕಾಯಿತು. ಕಾರು ಎಡಭುಜ ಎತ್ತಿಕೊಂಡು ನಿಂತ ಹಾಗೆ ಅವಳ ಕಣ್ಣಿಗೆ ಕಾಣತೊಡಗಿತು.

"ನೀವು ಸರಳಿನ ತುದಿಯ ರಬ್ಬರ್ ಬುಷ್ ಬೋಲ್ಟನ್ನ ಚಕ್ರ ನೇತಾಡ್ತಿರುವಾಗ ಬಿಗಿದಿದ್ದೀರಿ. ಅದಕ್ಕೇ ರಬ್ಬರ್ ತಿರುಚಿಕೊಂಡು ಎತ್ತಿ ಹಿಡೀತಿದೆ" ಎಂದು ಅವಳು ಐದನೇ ವಾರವೇ ಗಂಡನಿಗೆ ಹೇಳಿದ್ದಳು.

"ನಾನು ಹುಟ್ಟಿದಾಗಿನಿಂದ ಬುಷ್ ಬಿಗೀತಿದ್ದೀನಿ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ."

"ಹಾಗಾದ್ರೆ ನಿಮ್ಮ ವೆಲ್ಡಿಂಗ್ ಎಳ್ಕೊಂಡಿದೆ. ಬ್ರಾಕೆಟ್ ಜರುಗಿದೆ."

ವೆಲ್ಡಿಂಗಿನ ಮಾತು ಎತ್ತಿದ್ದೇ ತಡ, ಅವನು ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟ. ಸೊಸೆ ಬೋಲ್ಟುಗಳನ್ನೆಲ್ಲ ಸಡಿಲಿಸಿ ಮತ್ತೆ ಬಿಗಿದಳು. ಬ್ರಾಕೆಟ್ ಕತ್ತರಿಸಿ ಹೊಸದಾಗಿ ಕೂರಿಸಿದಳು. ಎಡ ಮೇಲಿನ ಸರಳನ್ನು ಬಿಸಾಕಿ ಇನ್ನೊಂದು ಮಾಡಿಸಿದಳು. ಏಳನೇ ಶನಿವಾರದೊಳಗೆ ಇಷ್ಟೂ ಮುಗಿದಿತ್ತು, ಅಳತೆ ಮಾತ್ರ ಏರುತ್ತಲೇ ಹೋಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಪಾಪ, ಏನೂ ತಪ್ಪು ಮಾಡದ ಕಬ್ಬಿಣವನ್ನು ಸುಟ್ಟದ್ದೇ ಸುಟ್ಟದ್ದು. ಕಾರು ಕೊಡಲು ಇನ್ನು ಎರಡೇ ವಾರ ಇತ್ತು. ತಾನು ಮಾಡಿದ ಮೊದಲ ಕೆಲಸವೇ ಸೊಟ್ಟ ನಿಂತರೆ ಇನ್ನೊಂದು ಕಾರನ್ನು ಯಾರು ತನ್ನ ಕೈಗೆ ಕೊಡುತ್ತಾರೆ ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲ. ತಟ್ಟೆಯಲ್ಲಿ ಅನ್ನ ಉಳಿಸುವವರು ಆ ದಿನಗಳಲ್ಲಿ ಮನೆಯಲ್ಲಿ ಇಬ್ಬರಿದ್ದರು. ಸೊಸೆಗೆ ತನ್ನ ತಟ್ಟೆಯೊಂದೇ ಕಂಡಿತು.

ಎಂಟನೇ ಶನಿವಾರ ಅತ್ತೆ ಕೂರಲು ಬರಲಿಲ್ಲ. ಸೀಟಿನ ಅಂಚು ಹೊಲಿಯುವುದಿದೆ, ಇವತ್ತು ಬಿಡಿ ಎಂದು ಒಳಗಿನಿಂದಲೇ ಕೂಗಿ ಹೇಳಿದರು. ಗಂಡ ಗೊಣಗಿದ. "ಎಪ್ಪತ್ತೆರಡು ಬರದಿದ್ರೆ ಎಪ್ಪತ್ತೆರಡು ಕೆಜಿ ಕಬ್ಬಿಣ ಇಡು" ಎಂದ. ಹಳೆಯ ಗೇರ್‌ಬಾಕ್ಸಿನ ಚಿಪ್ಪು, ಎರಡು ಬ್ರೇಕ್ ಡ್ರಮ್ಮು, ಒಂದಿಷ್ಟು ಗುಜರಿ ಕಬ್ಬಿಣವನ್ನು ತಕ್ಕಡಿಯಲ್ಲಿ ತೂಗಿ, ಕರಾರುವಾಕ್ಕಾಗಿ ಎಪ್ಪತ್ತೆರಡು ಮಾಡಿ, ಅತ್ತೆಯ ಜಾಗದಲ್ಲಿ ಇಟ್ಟರು. ಸೊಸೆ ಮೂರು ಸಲ ಅದುಮಿ ಬಿಟ್ಟು ಅಳೆದಳು. ನಂಬಲಾರದೆ ಇನ್ನೊಮ್ಮೆ ಅಳೆದಳು. ಒಂದು ಮಿಲಿಮೀಟರೂ ವ್ಯತ್ಯಾಸವಿಲ್ಲ!

"ಸರಿ ಇದೆ! ನನ್ನ ಲೆಕ್ಕ ಮೊದಲಿಂದಲೂ ಸರಿ ಇತ್ತು!" ಎಂದು ಅವಳು ಅಳತೆಪಟ್ಟಿ ಕೈಯಲ್ಲಿ ಹಿಡಿದೇ ಕುಣಿದಳು. ಹಲ್ಲಿನ ಡಾಕ್ಟರು ಕಾರಿನೊಳಗಿಂದಲೇ ಚಪ್ಪಾಳೆ ತಟ್ಟಿದರು. ಈ ಸುದ್ದಿಯನ್ನು ಮೊದಲು ಹೇಳಬೇಕಾದದ್ದು ಯಾರಿಗೆ? ಕೆಲಸ ಕೊಡಿಸಿದ ಅತ್ತೆಗೆ. ಸೊಸೆ ಹೊಲಿಗೆ ಕೋಣೆಯ ಕಡೆ ಓಡಿದಳು. ಬಾಗಿಲ ಚಿಲಕದ ಮೇಲೆ ಕೈ ಇಟ್ಟವಳು ಅಲ್ಲೇ ನಿಂತಳು. ಲೆಕ್ಕ ಸರಿ. ಸ್ಪ್ರಿಂಗು ಸರಿ. ನಾಲ್ಕು ಸರಳೂ ಸರಿ. ಹಾಗಾದರೆ ಐದು ವಾರ ತಪ್ಪಿದ್ದೇನು? ಆ ಮೂಲೆಯಲ್ಲಿ ಒಂದು ಮಿಲಿಮೀಟರ್ ಏರಬೇಕಾದರೆ ಎರಡೂಕಾಲು ಕೆಜಿ ಇಳಿಯಬೇಕು. ನಾಲ್ಕು ಮಿಲಿಮೀಟರಿಗೆ ಒಂಬತ್ತು.

ಬಾಗಿಲು ತಳ್ಳಿದಳು. ಅತ್ತೆ ಮಿಷನ್ ಮುಂದೆ ಕೂತಿದ್ದರು. ಸೆಕೆಯ ದಿನ, ಮೈಮೇಲೆ ಎರಡು ಸ್ವೆಟರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಸೀಟಿನ ಚರ್ಮದ ಅಂಚಿನಲ್ಲಿ ಹೊಲಿದು ಬಿಚ್ಚಿದ, ಮತ್ತೆ ಹೊಲಿದು ಬಿಚ್ಚಿದ ತೂತುಗಳ ಸಾಲು. ಉಂಗುರ ಜಾರದಿರಲೆಂದು ಒಳಗಡೆ ದಾರ ಸುತ್ತಿಕೊಂಡಿದ್ದರು. ಚರ್ಮದ ಮೇಲೆ ಇಟ್ಟ ಕೈಬೆರಳುಗಳು ಸಣ್ಣಗೆ, ಬಿಡದೆ ನಡುಗುತ್ತಿದ್ದವು. ಇಷ್ಟೆಲ್ಲ ಎಷ್ಟು ದಿನದಿಂದ ಹೀಗೇ ಇತ್ತೋ, ಸೊಸೆ ಈ ಕೋಣೆಗೆ ದಿನಕ್ಕೆ ಹತ್ತು ಸಲ ಬಂದು ಹೋಗುತ್ತಿದ್ದಳು.

"ಅತ್ತೆ, ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಒಂಬತ್ತು ಕೆಜಿ."

ಅತ್ತೆ ಮಿಷನ್ನಿನ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು. ಸುಳ್ಳು ಹೇಳಲು ಬಾಯಿ ತೆರೆದದ್ದೂ, ಬೇಡವೆಂದು ಮುಚ್ಚಿದ್ದೂ ಕಂಡಿತು.

"ಒಂಬತ್ತಲ್ಲ ಕಣೆ" ಎಂದರು ಕೊನೆಗೆ, ಮೆಲ್ಲಗೆ. "ನೀನು ಆ ಪಟ್ಟಿ ಹಿಡ್ಕೊಂಡು ಒದ್ದಾಡೋದು ನೋಡೋಕಾಗ್ಲಿಲ್ಲ. ಹೋದ ಶನಿವಾರ ಸ್ವೆಟರಿನ ಜೇಬಿನಲ್ಲಿ ದೊಡ್ಡ ಕತ್ತರಿ, ಬಟ್ಟೆ ಮೇಲಿಡೋ ಸೀಸದ ಗುಂಡು, ಎಲ್ಲ ಇಟ್ಕೊಂಡು ಕೂತಿದ್ದೆ. ಎರಡು ಕೆಜಿ ಇದ್ದಿರಬೇಕು."

ಸೊಸೆಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಎರಡನ್ನೂ ಸೇರಿಸಿ ನುಂಗಿದಳು. "ಯಾಕೆ ಹೇಳ್ಲಿಲ್ಲ?"

"ಇದು ನಿನ್ನ ಮೊದಲನೇ ಕೆಲಸ. ಕಾರು ಹೋಗ್ಲಿ, ಆಮೇಲೆ ನೋಡಿಕೊಳ್ಳೋಣ ಅಂತ. ಅವನಿಗೆ ಹೇಳ್ಬೇಡ. ಎರಡು ವಾರ ತಾನೇ?"

ಆಗ ಸೊಸೆ ನೆಲದ ಮೇಲೆ, ಚರ್ಮದ ಚೂರುಗಳ ನಡುವೆ ಕೂತಳು. ಹನ್ನೊಂದು ವರ್ಷದ ಹಿಂದೆ ಇನ್ನೊಬ್ಬರು ಇದೇ ಮಾತು ಆಡಿದ್ದರು. "ನಿನ್ನ ಪರೀಕ್ಷೆ ಮುಗೀಲಿ, ಆಮೇಲೆ ಡಾಕ್ಟರ ಹತ್ರ ಹೋದರಾಯ್ತು" ಎಂದು. ಆಡಿದವರು ಅವಳ ಅಮ್ಮ. ಮಗಳು ಓದುತ್ತಿದ್ದಾಳೆಂದು ಹೊಟ್ಟೆನೋವನ್ನು ಎರಡು ತಿಂಗಳು ಬಾಯಿಬಿಡದೆ ಸಹಿಸಿದ್ದರು. ಪರೀಕ್ಷೆಯಲ್ಲಿ ಅವಳು ಎಲ್ಲರಿಗಿಂತ ಮೊದಲು ಬಂದಳು. ಫಲಿತಾಂಶ ನೋಡಲು ಅಮ್ಮ ಇರಲಿಲ್ಲ. ಇದನ್ನು ಅವಳು ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಈಗ ಅತ್ತೆಯ ಮೊಣಕಾಲು ಹಿಡಿದುಕೊಂಡು, ಅರ್ಧಂಬರ್ಧ ಮಾತಿನಲ್ಲಿ ಹೇಳಿಬಿಟ್ಟಳು. "ಮತ್ತೆ ಆ ಥರ ಫಸ್ಟ್ ಬರೋದು ನನಗೆ ಬೇಡ ಅತ್ತೆ" ಎಂದಳು.

ಅತ್ತೆ ಮೇಲಿನ ಸ್ವೆಟರು ಬಿಚ್ಚಿದರು, ಅದರೊಳಗಿನದನ್ನೂ ಬಿಚ್ಚಿ ಮಿಷನ್ನಿನ ಮೇಲೆ ಹಾಕಿದರು. ಒಳಗಿದ್ದ ಅತ್ತೆ ಇಷ್ಟೇ ಇಷ್ಟಿದ್ದರು. "ಅವನನ್ನ ಕರಿ" ಎಂದರು.

ಗಂಡ ಬಂದು ತಾಯಿಯನ್ನು ನೋಡಿದ. ವೆಲ್ಡಿಂಗಿನ ಕಪ್ಪು ಕನ್ನಡಕ ಕೈಯಲ್ಲಿತ್ತು. "ಅಮ್ಮಾ" ಎಂದಷ್ಟೇ ಅಂದ. ಹಲ್ಲಿನ ಡಾಕ್ಟರು ಬಾಗಿಲಲ್ಲೇ ನಿಂತು ಒಂದು ನೋಟ ಹರಿಸಿ, "ಇದು ಹಲ್ಲಿನ ವಿಷಯ ಅಲ್ಲ, ಸರಿಯಾದ ಡಾಕ್ಟರ ಹತ್ರ ಹೋಗಿ, ಇವತ್ತೇ" ಎಂದು ತಮಗೆ ಗೊತ್ತಿದ್ದ ಒಬ್ಬರಿಗೆ ಫೋನ್ ಮಾಡಿದರು. ಕಾರು ತಡವಾದೀತು ಎಂದು ಅತ್ತೆ ತೊದಲಿದಾಗ, "ಮೂವತ್ತು ವರ್ಷ ಬಾಯಿ ತೆರೆಸಿ ಜನರನ್ನ ಕಾಯಿಸಿದೋನು ನಾನು. ಸ್ವಲ್ಪ ನನ್ನನ್ನೂ ಕಾಯಿಸಿ" ಎಂದರು.

ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ ತೂಕ ಯಾವಾಗಿನಿಂದ ಇಳಿಯುತ್ತಿದೆ ಎಂಬುದು. ಅತ್ತೆ "ಈಗೀಗ" ಎಂದು ತೇಲಿಸಿದರು. ಸೊಸೆ ಗ್ರೀಸು ಮೆತ್ತಿದ ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟಳು. ಪ್ರತಿ ಅಳತೆಯ ಪಕ್ಕ ಅತ್ತೆಯ ತೂಕವನ್ನು ಲೆಕ್ಕ ಹಾಕಿ ಬರೆದಿದ್ದಳು. ಎರಡನೇ ವಾರದವರೆಗೆ ಎಪ್ಪತ್ತೆರಡು. ಮೂರನೇ ವಾರ, ನಾಲ್ಕನೇ ವಾರ ಸುಮಾರು ಎಪ್ಪತ್ತು. ಐದನೆಯದಕ್ಕೆ ಅರವತ್ತೇಳೂವರೆ. ಆರನೆಯದಕ್ಕೆ ಅರವತ್ತೈದು. ಏಳನೆಯದಕ್ಕೆ ಅರವತ್ತಮೂರು, ಅದರಲ್ಲಿ ಕತ್ತರಿ ಮತ್ತು ಸೀಸ ಕಳೆದರೆ ಅರವತ್ತೊಂದು.

"ದಿನಾಂಕದ ಸಮೇತ ಬರೆದಿಟ್ಟಿದ್ದೀರಲ್ಲ! ಮನೆಯಲ್ಲಿ ತೂಕದ ಯಂತ್ರ ಇದೆಯಾ?"

"ಇದೆ ಡಾಕ್ಟ್ರೇ, ಆದ್ರೆ ಅತ್ತೆ ಅದನ್ನ ಹತ್ತಲ್ಲ. ಇದು ಒಂದು ಕಾರಿನ ಹಿಂಬದಿ ಎತ್ತರ."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಅತ್ತೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಸೊಸೆ ತನ್ನ ಬಾಳಿನಲ್ಲಿ ಮೊದಲ ಸಲ, ತನ್ನ ಲೆಕ್ಕ ತಪ್ಪಾಗಲಿ ಎಂದು ಹಲ್ಲು ಕಚ್ಚಿ ಬೇಡಿಕೊಂಡಳು. ಎಲ್ಲೋ ಕೂಡಿಸುವುದರಲ್ಲಿ ಎಡವಿರಲಿ, ಮಿಲಿಮೀಟರು ಓದುವುದರಲ್ಲಿ ಕಣ್ಣು ತಪ್ಪಿರಲಿ. ಮುಳ್ಳು ಅಲುಗಿ ಅಲುಗಿ ಅರವತ್ತೊಂದಕ್ಕೆ ನಿಂತಿತು. ಆ ನಾಲ್ಕು ಸರಳುಗಳನ್ನು ಇಷ್ಟು ಚೆನ್ನಾಗಿ ಯಾಕಾದರೂ ಮಾಡಿದೆನೋ ಎನ್ನಿಸಿತು ಅವಳಿಗೆ.

ಡಾಕ್ಟರಮ್ಮ ನಾಡಿ ಹಿಡಿದರು, ಕುತ್ತಿಗೆ ಮುಟ್ಟಿ ನೋಡಿದರು, ಕೈ ಚಾಚಲು ಹೇಳಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅಲುಗಿತು. ರಕ್ತ ತಗೊಂಡರು. ಮೂರು ದಿನ ಬಿಟ್ಟು ಬನ್ನಿ ಎಂದರು. ಆ ಮೂರು ದಿನ ವರ್ಕ್‌ಶಾಪಿನಲ್ಲಿ ಯಾರೂ ಯಂತ್ರ ಚಾಲೂ ಮಾಡಲಿಲ್ಲ. ಗಂಡ ಒಂದೇ ಸ್ಪ್ಯಾನರನ್ನು ಹತ್ತು ಸಲ ಒರೆಸಿದ. ತಾಯಿಯಿಂದ ವಿಷಯ ತಿಳಿದಿದ್ದವನು ಹೆಂಡತಿಯ ಪಕ್ಕ ಬಂದು ಕೂತು, "ನಿಮ್ಮಮ್ಮನ ವಿಷಯ ನನಗಾದ್ರೂ ಹೇಳ್ಬಹುದಿತ್ತು" ಎಂದ. ಅವಳು ಹೌದೆಂದು ತಲೆಯಾಡಿಸಿದಳು. ಅತ್ತೆಯೊಬ್ಬರೇ ಧೈರ್ಯವಾಗಿದ್ದವರ ಹಾಗೆ ಓಡಾಡಿ, ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದರು. ಮೂವರೂ ಅದನ್ನು ಕುಡಿದರು.

ನಾಲ್ಕನೇ ದಿನ ಡಾಕ್ಟರಮ್ಮ ಕಾಗದ ನೋಡಿ ತಲೆ ಎತ್ತಿದರು. "ಥೈರಾಯ್ಡ್. ಕುತ್ತಿಗೆಯ ಗ್ರಂಥಿ ಮಿತಿಮೀರಿ ಕೆಲಸ ಮಾಡ್ತಿದೆ, ಅದಕ್ಕೇ ಮೈ ಕರಗ್ತಿದೆ, ಸೆಕೆ, ನಡುಕ. ಮಾತ್ರೆಯಲ್ಲಿ ಹತೋಟಿಗೆ ಬರತ್ತೆ. ಆದ್ರೆ ಎದೆಬಡಿತ ಇಷ್ಟು ಜೋರಿರುವಾಗ ಇನ್ನೆರಡು ತಿಂಗಳು ಬಿಟ್ಟಿದ್ರೆ ಹೃದಯಕ್ಕೇ ಕುತ್ತು ಬರ್ತಿತ್ತು."

"ಕೈ ನಿಲ್ಲತ್ತಾ?" ಎಂದರು ಅತ್ತೆ. ಅವರು ಕೇಳಿದ್ದು ಅದೊಂದನ್ನೇ.

"ನಿಲ್ಲತ್ತೆ. ಒಂದೆರಡು ತಿಂಗಳು ತಾಳ್ಮೆ ಬೇಕು."

ಅತ್ತೆ ಕೈಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡು, ಮಕ್ಕಳನ್ನು ನೋಡುವ ಹಾಗೆ ಅವುಗಳನ್ನು ನೋಡಿದರು.

ಗಂಡ ಮಾತ್ರೆ ತರಲು ಹೋದ. ಅತ್ತೆ ಸೊಸೆ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಮೂರು ದಿನ ಕಲ್ಲಿನಂತಿದ್ದ ಸೊಸೆ ಅಲ್ಲಿ, ಹೋಗಿ ಬರುವವರ ಎದುರಿಗೇ, ಬಿಕ್ಕಿ ಬಿಕ್ಕಿ ಅತ್ತಳು. "ಏಳು ವಾರ ಆ ಚಕ್ರ ನೋಡಿದೆ ಅತ್ತೆ. ಎರಡು ಅಡಿ ಮೇಲೆ ನೀವು ಕೂತಿದ್ರಿ. ಒಂದು ಸಲ ತಲೆ ಎತ್ತಿ ನಿಮ್ಮನ್ನ ನೋಡ್ಲಿಲ್ಲ."

"ನೋಡಿದ್ರೂ ಗೊತ್ತಾಗ್ತಿರಲಿಲ್ಲ ಬಿಡು. ನನ್ನ ಮುಖ ನೋಡಿದೋರಿಗೆಲ್ಲ ನಾನು ಸುಳ್ಳು ಹೇಳಿದ್ದೀನಿ. ಹೆತ್ತ ಮಗನಿಗೂ ಹೇಳಿದೆ. ನಿನ್ನ ಕಾರಿಗೆ ಹೇಳೋಕೆ ಹೋದೆ, ಅದು ನಂಬಲಿಲ್ಲ."

ಸೊಸೆ ಅಳುತ್ತಲೇ ನಕ್ಕಳು. ಅತ್ತೆ ನಡುಗುವ ಕೈಯಿಂದ ಅವಳ ಕೆನ್ನೆ ಒರೆಸಲು ಹೋದರು. ಬೆರಳು ಒಮ್ಮೆ ಕಿವಿಗೆ ತಗುಲಿತು, ಒಮ್ಮೆ ಮೂಗಿಗೆ. ಸೊಸೆ ಆ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಟ್ಟುಕೊಂಡಳು.

"ನಿಮ್ಮಮ್ಮ ಹೇಗಿದ್ರೇ?" ಎಂದು ಕೇಳಿದರು ಅತ್ತೆ. "ನನ್ನ ಹಾಗೆ ದಪ್ಪಗಿದ್ರಾ?"

ಹನ್ನೊಂದು ವರ್ಷದಲ್ಲಿ ಅಮ್ಮ ಹೇಗೆ ಹೋದರು ಎಂದು ಕೇಳಿದವರಿದ್ದರು. ಹೇಗಿದ್ದರು ಎಂದು ಯಾರೂ ಕೇಳಿರಲಿಲ್ಲ. ಸೊಸೆ ಕಣ್ಣು ಒರೆಸಿಕೊಂಡು ನೇರ ಕೂತಳು.

"ಇಲ್ಲ ಅತ್ತೆ, ತೆಳ್ಳಗಿದ್ರು" ಎಂದಳು. "ನಕ್ಕರೆ ಮಾತ್ರ ಮೂರು ಮನೆಗೆ ಕೇಳಿಸ್ತಿತ್ತು."

ಗಂಡ ಮಾತ್ರೆ ತಂದ. ಅತ್ತೆ ಅವನಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಪಕ್ಕದಲ್ಲಿ ಜಾಗ ಬಿಟ್ಟು, "ಹೇಳು, ಆಮೇಲೆ?" ಎಂದರು.